ತೆನ್ಗು ಶಾರ್ಕಿಗೆ ಹೆಂಡ ಕುಡಿಸಿದ್ದು

ನಮ್ಮ ಹೆದಾ ಊರಿನಲ್ಲಿ ಸುಳ್ಳು ಹೇಳುವವರು ಬಹಳ ಜನ. ಅವರ ನಡುವೆ ನಿಜ ಹೇಳುವವನು ನಾನೊಬ್ಬನೇ. ನಿಜವನ್ನು ಸ್ವಲ್ಪ ಹಿಗ್ಗಿಸಿ ಹೇಳುತ್ತೇನೆ, ಅಷ್ಟೆ. ಮಡಚಿಟ್ಟಾಗ ಬಲೆ ಒಂದು ಬುಟ್ಟಿಯಲ್ಲಿ ಹಿಡಿಸುತ್ತದೆ. ನೀರಿಗೆ ಬಿಟ್ಟಾಗ ಬೀದಿಯಷ್ಟು ಅಗಲವಾಗುತ್ತದೆ. ಅದನ್ನು ಯಾರೂ ಸುಳ್ಳು ಬಲೆ ಅನ್ನುವುದಿಲ್ಲವಲ್ಲ!

ಬೆಟ್ಟದಲ್ಲಿ ತೆನ್ಗು ಅನ್ನುವ ಭೂತವಿದೆ. ಕೆಂಪು ಮುಖ, ಮೊಳದುದ್ದ ಮೂಗು, ಲೋಕದಲ್ಲಿ ತನ್ನ ಸಮಾನರಿಲ್ಲ ಎಂಬ ಜಂಬ. ಅದಕ್ಕೇ ನಮ್ಮಲ್ಲಿ ಜಂಬದವನಿಗೆ ಮೂಗು ಬೆಳೆಯುತ್ತದೆ ಅನ್ನುತ್ತಾರೆ. ನಾನು ಬೀದಿಯಲ್ಲಿ ಹೋದರೆ ಮಕ್ಕಳು ಆಟ ನಿಲ್ಲಿಸಿ ನನ್ನ ಮೂಗನ್ನು ನೋಡುತ್ತವೆ. ನೋಡಲಿ. ನೋಡುವಂಥ ಮೂಗೇ.

ಆ ಭೂತದ ಹೆಸರನ್ನೇ ಹೊತ್ತ ಶಾರ್ಕ್ ಒಂದು ನಮ್ಮ ಸುರುಗಾ ಕೊಲ್ಲಿಯ ಅಡಿಯಲ್ಲಿದೆ. ಕೊಲ್ಲಿ ಎಷ್ಟು ಆಳವೆಂದರೆ, ಎದುರಿಗೆ ನಿಂತಿರುವ ಫುಜಿ ಬೆಟ್ಟವನ್ನು ಕಿತ್ತು ತಲೆಕೆಳಗಾಗಿ ನೆಟ್ಟರೂ ಅದರ ನೆತ್ತಿ ತಳಕ್ಕೆ ತಾಗುವುದು ಅನುಮಾನ. ಆ ಕತ್ತಲಲ್ಲಿ ಇದರ ವಾಸ. ಹಣೆಯಿಂದ ಮುಂದಕ್ಕೆ ಚಾಚಿದ ಚಪ್ಪಟೆ ಮೂಗು, ದೋಣಿಯ ಹುಟ್ಟಿನಂತೆ. ಮೈ ಬಣ್ಣವೋ, ಆಗಷ್ಟೇ ಎರೆದು ಮಲಗಿಸಿದ ಹಸುಗೂಸಿನ ಕೆನ್ನೆ. ಹಲ್ಲುಗಳು ಗೋಣಿ ಹೊಲಿಯುವ ದಬ್ಬಳ. ಇನ್ನು ದವಡೆ, ಅದು ಬಾಯೊಳಗೆ ಸುಮ್ಮನೆ ಕೂರುವಂಥದ್ದಲ್ಲ. ಬೇಟೆ ಹತ್ತಿರ ಬಂತೆಂದರೆ ಮುಖದಿಂದ ಕಳಚಿಕೊಂಡಂತೆ ಛಂಗನೆ ಮುಂದಕ್ಕೆ ನೆಗೆದು, ಕಚ್ಚಿ, ಏನೂ ಆಗದವರ ಹಾಗೆ ಮನೆಗೆ ಮರಳುತ್ತದೆ. ನನ್ನ ಹೆಂಡತಿಯ ನಾಲಿಗೆಯನ್ನು ಬಿಟ್ಟರೆ ಅಷ್ಟು ವೇಗದ ವಸ್ತು ಲೋಕದಲ್ಲಿ ಇನ್ನೊಂದಿಲ್ಲ.

ಜೀವಂತ ತೆನ್ಗು ಶಾರ್ಕನ್ನು ನಮ್ಮ ಬಂದರಿನಲ್ಲಿ ಯಾರೂ ಕಂಡಿರಲಿಲ್ಲ. ಅಪರೂಪಕ್ಕೊಮ್ಮೆ ಯಾರದೋ ತಳಬಲೆಯಲ್ಲಿ ಸತ್ತದ್ದು ಬರುತ್ತಿತ್ತು, ಬಟ್ಟೆ ಒಗೆದ ನೀರಿನ ಬಣ್ಣಕ್ಕೆ ತಿರುಗಿ, ಜೋತುಬಿದ್ದು. ಜೀವಂತವಾಗಿ ಬಂದಿದ್ದು ಒಂದೇ ಸಲ. ತಂದಿದ್ದು ನಮ್ಮ ದೋಣಿ. ತರುವುದಕ್ಕೆ ಕಾರಣ ನನ್ನ ಬಾಯಿ.

ನಮ್ಮ ದೋಣಿ ಹಿಯೊಶಿಮಾರು. ಅದರ ತಾಂಡೇಲ, ಅಂದರೆ ದೋಣಿ ನಡೆಸುವ ಯಜಮಾನ, ಯಸಾಬುರೊ ತೀರಿಕೊಂಡ ಮೇಲೆ ಅವನ ಮಗಳು ತೊಮೊಯೆ ಚುಕ್ಕಾಣಿ ಹಿಡಿದಿದ್ದಳು. ದೋಣಿಯಲ್ಲಿ ಮೂರೇ ಜನ: ಚುಕ್ಕಾಣಿಯಲ್ಲಿ ಅವಳು, ಹಗ್ಗ ಸುತ್ತುವ ಯಂತ್ರದ ಬಳಿ ಗೆಂಪೇ, ಉಳಿದ ಕಡೆಯೆಲ್ಲ ನಾನು. ಗೆಂಪೇ ತಿಂಗಳಿಗೊಂದು ಮಾತಾಡುವ ಮನುಷ್ಯ. ಅವನ ಪಾಲಿನ ಉಳಿದ ಮಾತುಗಳನ್ನೂ ನಾನೇ ಆಡಿ ಮುಗಿಸಬೇಕಾಗುತ್ತಿತ್ತು. ಆ ಕಷ್ಟ ಯಾರಿಗೂ ಅರ್ಥವಾಗುವುದಿಲ್ಲ.

ಹೊಸವರ್ಷದ ಎರಡನೆಯ ದಿನ ನಮ್ಮ ದೋಣಿಗಳೆಲ್ಲ ಬಾವುಟ ಕಟ್ಟಿಕೊಂಡು ಸಾಲಾಗಿ ನಿಲ್ಲುತ್ತವೆ. ಒಂದೊಂದು ದೋಣಿಯ ಮೂತಿಯ ಮೇಲೂ ಅದರ ತಾಂಡೇಲ ನಿಂತು ದಡದ ಜನರತ್ತ ಕಿತ್ತಳೆ ಹಣ್ಣು ಎಸೆಯುತ್ತಾನೆ. ಊರಿಗೆ ಊರೇ ಮಡಿಲೊಡ್ಡಿ ಹಿಡಿಯುತ್ತದೆ. ಆ ದಿನ ಯಾರು ಕಿತ್ತಳೆ ಎಸೆದರೋ ಅವರೇ ಆ ವರ್ಷಕ್ಕೆ ತಾಂಡೇಲ. ಆಮೇಲೆ ಅದನ್ನು ಬ್ರಹ್ಮನೂ ತಿದ್ದುವಂತಿಲ್ಲ. ಯಾರು ಎಸೆಯಬೇಕು ಎಂಬುದಕ್ಕೆ ದೋಣಿಗಳ ಹಿರಿಯನ ಒಪ್ಪಿಗೆ ಬೇಕು. ಹಿರಿಯನೆಂದರೆ ಕಿಹಾಚಿ, ತೊಮೊಯೆಯ ಸ್ವಂತ ಚಿಕ್ಕಪ್ಪ. ಅಪ್ಪ ಸತ್ತ ಮೊದಲ ವರ್ಷ ಶೋಕವೆಂದು ಹಿಯೊಶಿಮಾರುವಿನಿಂದ ಯಾರೂ ಎಸೆದಿರಲಿಲ್ಲ. ಎರಡನೆಯ ವರ್ಷ ಅವಳ ಸರದಿ ಬರಬೇಕಿತ್ತು.

ವರ್ಷದ ಕೊನೆಯ ಕುಡಿತಕ್ಕೆ ಎಲ್ಲ ದೋಣಿಯವರೂ ಓಸೆನ್ ಅಮ್ಮನ ಹೋಟೆಲಿನಲ್ಲಿ ಮಧ್ಯಾಹ್ನವೇ ಸೇರಿದ್ದೆವು. ಹಸಿರುಗಣ್ಣಿನ ಮೀನಿನ ಕರಿದ ತುಂಡುಗಳು ಬಂದ ಹಾಗೆ ಮಾಯವಾಗುತ್ತಿದ್ದವು. ನಾನು ತಿಂದದ್ದು ಒಂದು ದೋಣಿಯಷ್ಟು. ಆಗ ಕಿಹಾಚಿ ಬಟ್ಟಲು ಕೆಳಗಿಟ್ಟು ಗಂಟಲು ಸರಿಮಾಡಿಕೊಂಡ.

"ನೋಡು ತೊಮೊಯೆ, ನಿನ್ನ ಕೈ ಚುರುಕು, ಇಲ್ಲ ಅನ್ನಲ್ಲ. ಆದ್ರೆ ದೋಣಿ ಒಳಗೆ ಕೂತಿರೋ ದೇವತೆನೂ ಹೆಂಗಸು ಕಣಮ್ಮ. ಒಂದು ಮನೇಲಿ ಇಬ್ರು ಯಜಮಾನ್ತೀರು ಇದ್ರೆ ಒಲೆ ಉರಿಯುತ್ತಾ?"

"ಎರಡು ಒಲೆ ಉರಿಯುತ್ತೆ ಚಿಕ್ಕಪ್ಪ," ಅಂದಳು ತೊಮೊಯೆ.

ಎಲ್ಲರೂ ನಕ್ಕರು. ಕಿಹಾಚಿ ನಗಲಿಲ್ಲ. "ನಾಲಿಗೆ ಚೆನ್ನಾಗಿದೆ. ಅಣ್ಣನ ದೊಡ್ಡ ಬಾವುಟ ಎಲ್ಲಿದೆ? ಅವನು ಹೋದ ಮೇಲೆ ಒಂದೇ ಒಂದು ಸಲ ಮೇಲೇರಿದೆಯಾ? ಹೊಟ್ಟೆಪಾಡಿಗೆ ಸೀಗಡಿ ತರೋದನ್ನ ಯಾರು ಬೇಕಾದ್ರೂ ತರ್ತಾರೆ. ಈ ಸಲ ಎರಡನೇ ತಾರೀಕು ನಿಮ್ಮ ದೋಣಿಯಿಂದ ನನ್ನ ಅಳಿಯ ತೊಕುಯಾ ಕಿತ್ತಳೆ ಎಸೀತಾನೆ. ನೀನು ದಡದ ಮೇಲೆ ಲೆಕ್ಕ ನೋಡ್ಕೋ."

ತೊಕುಯಾ ಮೂಲೆಯಲ್ಲಿ ಕೂತು ಬೆವರುತ್ತಿದ್ದ. ಅವನು ಒಳ್ಳೆಯ ಹುಡುಗನೇ. ಪಾಪ, ಸಮುದ್ರದ ಚಿತ್ರ ನೋಡಿದರೂ ವಾಂತಿ ಮಾಡಿಕೊಳ್ಳುವ ಜಾತಿ.

ದೊಡ್ಡ ಬಾವುಟದ ಮಾತು ನಿಜವಾಗಿತ್ತು. ಅದನ್ನು ಬರಿಯ ಒಳ್ಳೆಯ ದಿನಕ್ಕೆ ಏರಿಸುವಂತಿಲ್ಲ. ಊರು ನೆನಪಿಟ್ಟುಕೊಳ್ಳುವಂಥದ್ದು ಬಲೆಗೆ ಬೀಳಬೇಕು. ತೊಮೊಯೆಯ ಮುಖ ನೋಡಿದೆ. ಹುಟ್ಟಿದಾಗಿನಿಂದ ನೋಡಿದ ಮುಖ; ಅದರಲ್ಲಿ ಅಷ್ಟು ಬಿಳುಪನ್ನು ಅಪ್ಪನ ಸಾವಿನ ದಿನವೂ ಕಂಡಿರಲಿಲ್ಲ. ಬಾಯಿ ತಾನಾಗಿ ತೆರೆಯಿತು.

"ಸೀಗಡಿ ಅಂತೆ ಸೀಗಡಿ! ಏ ಕಿಹಾಚಿ, ಕೇಳ್ಕೋ. ವರ್ಷ ಮುಗಿಯೋದ್ರೊಳಗೆ ನಮ್ಮ ತಾಂಡೇಲಮ್ಮ ತೆನ್ಗು ಶಾರ್ಕನ್ನ ಜೀವಂತ ತಂದು ಈ ಬಂದರಲ್ಲಿ ನಿಲ್ಲಿಸ್ತಾಳೆ!"

ಹೋಟೆಲಿನಲ್ಲಿ ಎದ್ದ ನಗೆಗೆ ಫುಜಿಯ ಮೇಲಿನ ಹಿಮ ಒಂದು ಮಗ್ಗುಲು ಜಾರಿತು. ಬೇಕಾದರೆ ಈಗಲೂ ಹೋಗಿ ನೋಡಿ, ಆ ಮಗ್ಗುಲು ಬೋಳಾಗಿಯೇ ಇದೆ.

ಕಿಹಾಚಿ ಕಣ್ಣೊರೆಸಿಕೊಂಡು, "ಜೀವಂತ?" ಅಂದ.

"ಜೀವಂತ!"

"ಹಾಗಾದ್ರೆ ಎಲ್ಲರ ಮುಂದೆ ಹೇಳ್ತೀನಿ. ತಂದ್ರೆ ಎರಡನೇ ತಾರೀಕು ಕಿತ್ತಳೆ ಅವಳೇ ಎಸೀಲಿ, ನಾನು ಮಕ್ಕಳ ಜೊತೆ ಕೆಳಗೆ ನಿಂತು ಆಯ್ಕೋತೀನಿ. ತರದಿದ್ರೆ ಚುಕ್ಕಾಣಿ ತೊಕುಯಾಗೆ, ಇನ್ನೊಂದು ಮಾತಿಲ್ಲ. ಏನಮ್ಮ, ಒಪ್ಪಿಗೆನಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತೊಮೊಯೆ ನನ್ನ ಕಡೆ ತಿರುಗಿ ನೋಡಿದ ನೋಟಕ್ಕೆ ಒಂದು ಬುಟ್ಟಿ ಮೀನಿನ ಕರುಳು ತಾನಾಗಿ ಹೊರಬರುತ್ತಿತ್ತು. ಆದರೆ ಚಿಕ್ಕಪ್ಪನ ಕಡೆ ತಿರುಗಿ ಅವಳು ಹೇಳಿದ್ದು ಇಷ್ಟೇ: "ಒಪ್ಪಿಗೆ."

ಮರುದಿನ ಬೆಳಗ್ಗೆ ದೋಣಿಯ ಮೇಲೆ ನಾನು ಬಹಳ ಕೆಲಸವಿರುವವನ ಹಾಗೆ ಹಗ್ಗ ಸುತ್ತುತ್ತಿದ್ದೆ. ಚಿಕ್ಕಂದಿನಿಂದ ನನ್ನನ್ನು ತಾತ ಅಂತಲೇ ಕರೆಯುವ ತೊಮೊಯೆ ಬಂದು ಎದುರು ನಿಂತಳು.

"ತಾತ, ಆ ಬಾಯಿಗೊಂದು ಲಂಗರು ಮಾಡಿಸಿ ಕಟ್ಲಾ?"

"ಕಟ್ಟಮ್ಮ. ಹಗ್ಗ ಮಾತ್ರ ಸ್ವಲ್ಪ ಉದ್ದ ಬಿಡು."

ಅವಳು ನಕ್ಕುಬಿಟ್ಟಳು. ಆಮೇಲೆ ಪಕ್ಕದಲ್ಲಿ ಕೂತಳು. "ಅಪ್ಪನ ಬಲೇಲಿ ಒಂದು ಸಲ ಬಂದಿತ್ತಲ್ಲ, ಅದು ಹೇಗೆ ಸತ್ತಿತ್ತು ನೆನಪಿದೆಯಾ?"

"ನಾಚಿಕೆಯಿಂದ. ನನ್ನ ಮೂಗು ನೋಡಿ."

"ಜಜ್ಜಿಹೋಗಿತ್ತು ತಾತ. ಬಲೆ ತುಂಬ ಏಡಿ, ಕೆಸರು, ಕಲ್ಲು; ಎಲ್ಲದರ ಭಾರ ಅದರ ಮೇಲೆ. ಅದರ ಮೇಲೆ ನಾವು ಸೀಗಡಿ ಬಾಡುತ್ತೆ ಅಂತ ಪೂರಾ ಜೋರಲ್ಲಿ ಎಳೀತೀವಿ. ಬದುಕಿ ಬಂದ್ರೂ ಮೇಲಿನ ನೀರು ಅದಕ್ಕೆ ಕುದಿಯೋ ನೀರು. ನಾನು ಬಲೆ ತುಂಬೋಕೆ ಬಿಡಲ್ಲ. ಸ್ವಲ್ಪ ಹೊತ್ತು ಎಳೆದು, ನಿಧಾನಕ್ಕೆ ಎತ್ತೋದು. ಮೀನಿನ ತೊಟ್ಟೀಲಿ ಸಮುದ್ರದ ನೀರು, ಅದಕ್ಕೆ ಇರೋ ಐಸೆಲ್ಲ ಸುರಿಯೋದು. ಮೇಲೆ ಕಂಬಳಿ ಮುಚ್ಚೋದು, ಒಳಗೆ ಕತ್ತಲಾಗ್ಲಿ."

ಗೆಂಪೇ ಆ ತಿಂಗಳ ಮಾತನ್ನು ಅಲ್ಲಿಯೇ ಖರ್ಚು ಮಾಡಿದ. "ಸೀಗಡಿ?"

"ಈ ವಾರ ಸೀಗಡಿ ಬೇಡ."

ವರ್ಷದ ಕೊನೆಯ ವಾರ ಸೀಗಡಿ ಬೇಡ ಅನ್ನುವ ತಾಂಡೇಲ ನಮ್ಮ ಕೊಲ್ಲಿಯಲ್ಲಿ ಅದುವರೆಗೆ ಹುಟ್ಟಿರಲಿಲ್ಲ. ಗೆಂಪೇಯ ಹುಬ್ಬು ಟೋಪಿಯೊಳಕ್ಕೆ ಹೋದದ್ದು ಸಂಜೆಯಾದರೂ ಇಳಿಯಲಿಲ್ಲ.

ಹೋಗಿದ್ದು ಯಸಾಬುರೊ 'ದೆವ್ವದ ಅಟ್ಟ' ಅನ್ನುತ್ತಿದ್ದ ಕಮರಿಯ ಅಂಚಿಗೆ. ಅಲ್ಲಿ ತಳ ಇದ್ದಕ್ಕಿದ್ದಂತೆ ಪಾತಾಳಕ್ಕೆ ಬೀಳುತ್ತದೆ. ಬಂಡೆಗಳು ಬಲೆ ತಿನ್ನುತ್ತವೆ. ಅದಕ್ಕೇ ಬೇರೆ ದೋಣಿಗಳು ಅತ್ತ ತಲೆ ಹಾಕುವುದಿಲ್ಲ. ಮೊದಲ ದಿನ ಬಲೆ ಹರಿದು ಚಿಂದಿಯಾಗಿ ಬಂತು. ಮರುದಿನ ಅದನ್ನು ಹೊಲಿದು ಬಿಟ್ಟರೆ ಅಂಗೈಯಗಲದ ಏಡಿಗಳೂ ಒಂದು ಹಳೆಯ ಬೂಟೂ ಬಂದವು. ಬೂಟು ನನ್ನ ಕಾಲಿಗೆ ಸರಿಯಾಯಿತು, ಅದು ಬೇರೆ ಮಾತು. ದಿನವೂ ಬರಿಗೈಯಲ್ಲಿ ಬಂದರು ಸೇರಿದಾಗ ಕಿಹಾಚಿ ಕಟ್ಟೆಯ ಮೇಲೆ ಕಾದಿರುತ್ತಿದ್ದ.

"ಏನಯ್ಯ ಮತಾಕಿಚಿ, ಇವತ್ತು ಮೂಗು ಎಷ್ಟು ಬೆಳೀತು? ಶಾರ್ಕ್ ಸಿಗದಿದ್ರೆ ಚಿಂತೆ ಬಿಡು, ನಿನ್ನನ್ನೇ ಬಲೇಲಿ ಸುತ್ತಿ ತಂದ್ರೆ ಗುರುತು ಹಿಡಿಯೋರು ಯಾರು?"

"ನನ್ನನ್ನ ಸುತ್ತೋ ಬಲೆ ಇನ್ನೂ ಹೆಣೆದಿಲ್ಲ ಕಣಯ್ಯ," ಅನ್ನುತ್ತಿದ್ದೆ. ಆದರೆ ಅವನ ಬೆನ್ನ ಹಿಂದೆ ತೊಕುಯಾ ಕಲ್ಲುಗಳನ್ನು ಕಿತ್ತಳೆಯೆಂದುಕೊಂಡು ಎಸೆಯುವ ಅಭ್ಯಾಸ ಮಾಡುತ್ತಿದ್ದ. ತೊಮೊಯೆ ಅತ್ತ ನೋಡದೆ ಬಲೆ ಹೊಲಿಯುತ್ತಿದ್ದಳು. ದಬ್ಬಳ ಬೆರಳಿಗೆ ಚುಚ್ಚಿದರೂ ನೋಡುತ್ತಿರಲಿಲ್ಲ.

ಕೊನೆಗೆ ವರ್ಷದ ಕೊನೆಯ ಪಯಣ ಬಂತು. ಅದಾದ ಮೇಲೆ ದೋಣಿಗಳನ್ನೆಲ್ಲ ಕಟ್ಟಿಹಾಕಿ ಹಬ್ಬಕ್ಕೆ ತೊಳೆಯುವುದು. ಪಡುವಣ ಗಾಳಿ ಎಷ್ಟು ಬಲವಾಗಿತ್ತೆಂದರೆ ಕಡಲಕಾಗೆಗಳು ಹಿಂದಕ್ಕೆ ಹಾರುತ್ತಿದ್ದವು. ತೊಮೊಯೆ ಬಲೆ ಬಿಟ್ಟಳು, ಸ್ವಲ್ಪ ಎಳೆದಳು, ಗೆಂಪೇಗೆ ಕೈ ತೋರಿಸಿದಳು. ಯಂತ್ರ ಮುದಿ ಎತ್ತಿನ ಹಾಗೆ ನಿಧಾನವಾಗಿ ತಿರುಗಿತು. ಹಗ್ಗ ಬರುತ್ತಲೇ ಇತ್ತು. ನನ್ನ ಗಡ್ಡ ಎರಡು ಬೆರಳು ಬೆಳೆಯಿತು. ಹಗ್ಗ ಇನ್ನೂ ಬರುತ್ತಲೇ ಇತ್ತು.

ಬಲೆಯ ಬಾಲ ನೀರಿನ ಮೇಲೆ ಬಂದಾಗ ಒಳಗೆ ಹೆಚ್ಚೇನೂ ಇರಲಿಲ್ಲ. ನಾಲ್ಕು ಉದ್ದಗಾಲಿನ ಏಡಿ, ಒಂದಿಷ್ಟು ಕೆಸರು. ಕೆಸರಿನ ನಡುವೆ ನಸುಗೆಂಪು.

ಮೊದಲು ಮೂಗು ಹೊರಳಿತು. ಆಮೇಲೆ ಆ ಸಣ್ಣ ಕಣ್ಣು. ಮೆತ್ತಗಿನ ಉದ್ದ ಮೈ ಒಂದು ಸಲ ಬಳುಕಿತು. ಗೆಂಪೇಯಷ್ಟು ಉದ್ದವಿತ್ತು. ನಾನು ಹೋಟೆಲಿನಲ್ಲಿ ಹೇಳುವಾಗ ದೋಣಿಯಷ್ಟು ಅನ್ನುತ್ತೇನೆ, ಅಲ್ಲಿ ಸದ್ದು ಜಾಸ್ತಿ, ಸಣ್ಣದಾಗಿ ಹೇಳಿದರೆ ಕೇಳಿಸುವುದಿಲ್ಲ. ಹಿಂದೆ ಸತ್ತು ಬಂದಿದ್ದರಲ್ಲಿ ನೋಡಿದ್ದ ಬೂದಿ ಬಣ್ಣ ಎಲ್ಲಿ, ಇದೆಲ್ಲಿ! ಚರ್ಮದ ಕೆಳಗೆ ರಕ್ತ ಓಡುವುದು ಕಾಣುತ್ತಿತ್ತು. ಬೆಳಗಿನ ಫುಜಿಯ ನೆತ್ತಿಗೆ ಬರುವ ಬಣ್ಣ ಅದು.

"ಜೀವ ಇದೆ!" ತೊಮೊಯೆ ಕಿರುಚಿದಳು. "ತೊಟ್ಟಿಗೆ! ಹೊಟ್ಟೆ ಕೆಳಗೆ ಕೈ ಕೊಡಿ, ಬಾಲ ಹಿಡೀಬೇಡಿ!"

ನಾವು ಮೂವರೂ ಅದನ್ನು ಮದುಮಗಳನ್ನು ಒಳತರುವ ಹಾಗೆ ತಂದು ಐಸುನೀರಿನ ತೊಟ್ಟಿಗೆ ಇಳಿಸಿದೆವು. ಕಿವಿರು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ತೊಮೊಯೆ ಕಂಬಳಿ ತರಲು ಓಡಿದಳು.

ಈಗ ನಾನು ಮಾಡಿದ ಘನಕಾರ್ಯದ ವಿಷಯ. ಜನ ಇದನ್ನು ಮರೆಗುಳಿತನ ಅನ್ನುತ್ತಾರೆ. ದೂರದೃಷ್ಟಿ ಅಂದರೇನೆಂದು ತಿಳಿಯದ ಜನ.

ನಮ್ಮಲ್ಲಿ ಕಡಲಾಮೆ ಬಲೆಗೆ ಸಿಕ್ಕರೆ ಅದು ಸಮುದ್ರರಾಜನ ಅರಮನೆಯ ಅತಿಥಿ. ಅದರ ಬಾಯಿಗೆ ಅಕ್ಕಿಹೆಂಡ ಹೊಯ್ದು, ಕೈಮುಗಿದು, ತಿರುಗಿ ಕಳಿಸುತ್ತೇವೆ. ಹುಟ್ಟಿದಾಗಿನಿಂದ ಮಾಡಿ ಬಂದ ಕೆಲಸ. ತಲೆಗೆ ತಿಳಿಯುವ ಮುನ್ನ ಕೈಗೆ ತಿಳಿದಿರುತ್ತದೆ. ಅಂಥ ಅಪರೂಪದ ಜೀವ ಪಾತಾಳದಿಂದ ಎದ್ದು ಬಂದು ನನ್ನನ್ನೇ ನೋಡುತ್ತಿದೆ. ದೋಣಿಯ ದೇವತೆಯ ಮುಂದೆ ಇಟ್ಟಿದ್ದ ಹೆಂಡದ ಬಾಟಲಿ ನನ್ನ ಕೈಗೆ ಹೇಗೆ ಬಂತೋ! ಬಿರಡೆ ಕಿತ್ತು, "ಬಾರಪ್ಪ ದೊಡ್ಡವನೇ," ಅಂತ ಒಂದು ಬಟ್ಟಲಿನಷ್ಟು ಅದರ ಬಾಯಿಗೆ ಹೊಯ್ದೇಬಿಟ್ಟೆ. ಛಂಗನೆ ದವಡೆ ನೆಗೆದು ಬಾಟಲಿಯ ಕತ್ತಿಗೆ ಅಂಗುಲ ತಪ್ಪಿತು.

ಯಂತ್ರ ನಿಂತಿತು. ಗೆಂಪೇ ಟೋಪಿ ತೆಗೆದು ನಿಂತಿದ್ದ.

"ಹೆಂಡ ಕುಡಿಸ್ಬಿಟ್ಯಾ?"

"ಸ್ವಲ್ಪ."

"ಹೆಂಡ ಕುಡಿದ ಮೇಲೆ ಅದು ಅತಿಥಿ. ದಡಕ್ಕೆ ಹಾಕೋ ಹಾಗಿಲ್ಲ. ಹಾಕಿದ್ರೆ ಸಮುದ್ರ ಸುಮ್ನಿರಲ್ಲ. ನಾನು ಈ ದೋಣಿ ಹತ್ತಲ್ಲ."

ಮುಂದಿನ ಬೇಸಗೆಯವರೆಗಿನ ಮಾತುಗಳನ್ನೆಲ್ಲ ಒಂದೇ ಉಸಿರಿನಲ್ಲಿ ಆಡಿಬಿಟ್ಟಿದ್ದ! ಆಗ ನನಗೆ ಅರ್ಥವಾಯಿತು. ನನ್ನ ಅಂಗಾಲಿನಿಂದ ನೆತ್ತಿಯವರೆಗೆ ತೊಟ್ಟಿಯ ಐಸೆಲ್ಲ ಹರಿದ ಹಾಗಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅದನ್ನು ತಟ್ಟಿ ಕೆಡವಿದ್ದು ನಾನೇ. ಬಿಟ್ಟರೆ ನಮ್ಮನ್ನು ಯಾರೂ ನಂಬುವುದಿಲ್ಲ. ನನ್ನ ಸಾಕ್ಷಿಗೆ ಊರಿನಲ್ಲಿ ಎಷ್ಟು ಬೆಲೆಯೆಂದು ನಿಮಗೂ ಈಗಾಗಲೇ ಗೊತ್ತಾಗಿರಬೇಕು. ದಡಕ್ಕೆ ಹಾಕಿದರೆ ಕಟ್ಟಳೆ ಮುರಿದ ದೋಣಿಯಲ್ಲಿ ಯಾರೂ ಕೆಲಸ ಮಾಡುವುದಿಲ್ಲ. ಹೇಗೂ ಚುಕ್ಕಾಣಿ ಹೋಯಿತು.

ತೊಮೊಯೆ ಕಂಬಳಿ ಹಿಡಿದು ನಿಂತಿದ್ದಳು. ತೊಟ್ಟಿಯ ಮೇಲೆ ಮೆಲ್ಲನೆ ಕಂಬಳಿ ಹೊದಿಸಿ, ಅದರ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದಳು.

"ತಾತ, ನಾನು ಸಣ್ಣವಳಿದ್ದಾಗ ಬಂದರಿನ ಬಾಯಲ್ಲಿ ಅಪ್ಪನ ಬಲೆಗೆ ಆಮೆ ಸಿಕ್ಕಿತ್ತಲ್ಲ. ಆಗ ಚಿಕ್ಕಪ್ಪ ಏನು ಮಾಡಿದ್ದ?"

"ಅವನಾಗ್ಲೇ ಹಿರಿಯ. ಅತಿಥಿ ಬಂದರಿನ ನೀರಿಗೆ ಬಂದ್ರೆ ಹಿರಿಯ ಬಂದು ಮಂಡಿಯೂರಿ ಹೆಂಡ ಕೊಡ್ಬೇಕಲ್ಲ. ದೋಣಿಗೆ ಇಳಿದು ಬಂದು, ಹೊಸ ಬಟ್ಟೇಲಿ ಕೆಸರಲ್ಲೇ ಮಂಡಿಯೂರಿದ್ದ."

"ವಾಪಸ್ ಬಿಟ್ಟಿದ್ದು ಯಾರು?"

"ಯಾರ ಬಲೆಗೆ ಬಂತೋ ಆ ದೋಣಿಯ ತಾಂಡೇಲ. ಬೇರೆಯವರು ಬಿಡೋ ಹಾಗಿಲ್ಲ. ಉಳಿದ ದೋಣಿಗಳು ಹಿಂದೆ ಹೋಗ್ಬೇಕು."

"ದಡ ಮುಟ್ಟಬಾರದು. ಬಂದರಿನ ನೀರು ಮುಟ್ಟಬಹುದು. ಅಲ್ವಾ ಗೆಂಪೇ ಅಣ್ಣ?"

ಗೆಂಪೇ ಯೋಚಿಸಿದ. ಟೋಪಿ ಹಾಕಿಕೊಂಡ. ಯಂತ್ರದ ಹತ್ತಿರ ಹೋಗಿ ಬಲೆ ಒಳಗೆಳೆಯತೊಡಗಿದ. ಅವನ ಭಾಷೆಯಲ್ಲಿ ಅದು ಒಂದು ದೊಡ್ಡ ಭಾಷಣ.

ತೊಮೊಯೆ ಚುಕ್ಕಾಣಿಯ ಕೆಳಗಿನ ಪೆಟ್ಟಿಗೆ ತೆರೆದಳು. ಅಪ್ಪನ ಬಾವುಟದ ಮಡಿಕೆ ಬಿಚ್ಚಿದಾಗ ಕರ್ಪೂರದ ವಾಸನೆ ಎದ್ದಿತು. ಕೆಂಪು, ನೀಲಿ, ನಡುವೆ ಏಳುವ ಸೂರ್ಯ. "ತಾತ, ಏರಿಸು," ಅಂದಳು. ನಾನು ಏರಿಸಿದೆ. ಪಡುವಣ ಗಾಳಿ ಅದನ್ನು ಎಳೆದು ಹಿಡಿದ ಸದ್ದು ಕೊಲ್ಲಿಯ ಆಚೆ ದಡಕ್ಕೂ ಕೇಳಿಸಿತಂತೆ.

ಬಂದರಿನ ಬಾಯಿಯಲ್ಲಿ ಕೊಕ್ಕೆಯಂತೆ ಬಾಗಿದ ಮರಳ ನಾಲಿಗೆಯಿದೆ. ಅದರ ತುದಿಯ ಗುಡಿಯ ಕೆಂಪು ಹೆಬ್ಬಾಗಿಲಿಗೆ ತಲೆಬಾಗಿಸಿ ಒಳಬಂದೆವು. ಬಾವುಟ ಕಂಡು ಕಟ್ಟೆಯ ಮೇಲೆ ಜನ ಓಡಿ ಬರುತ್ತಿದ್ದರು. ದೋಣಿ ತೊಳೆಯುತ್ತಿದ್ದವರು ಪೊರಕೆ ಹಿಡಿದೇ ಬಂದರು. ಓಸೆನ್ ಅಮ್ಮ ಹಿಟ್ಟಿನ ಕೈಯಲ್ಲೇ ಬಂದಳು. ತೊಮೊಯೆ ದೋಣಿಯನ್ನು ಕಟ್ಟೆಯ ಪಕ್ಕಕ್ಕೆ ತಂದು ನಿಲ್ಲಿಸಿದಳೇ ಹೊರತು ಹಗ್ಗ ಎಸೆಯಲಿಲ್ಲ.

"ಚಿಕ್ಕಪ್ಪ, ಬಾ. ನೋಡು," ಎಂದು ಕೂಗಿದಳು.

"ಇಲ್ಲಿಗೆ ತಗೊಂಬಾರಮ್ಮ, ಎಲ್ಲರೂ ನೋಡ್ಲಿ."

"ಅದು ಬರಲ್ಲ. ನೀನೇ ಬರ್ಬೇಕು."

ಕಿಹಾಚಿ ಕಟ್ಟೆಯಿಂದ ಹಾರಿ ದೋಣಿಗೆ ಬಂದ. ಹಿಂದೆ ತೊಕುಯಾ ಒಂದು ಕಾಲಿಟ್ಟ. ದೋಣಿ ಸ್ವಲ್ಪ ಅಲುಗಿತು. ಕಾಲು ತೆಗೆದುಕೊಂಡು ಕಟ್ಟೆಯ ಮೇಲೇ ಕೂತುಬಿಟ್ಟ. ತೊಮೊಯೆ ಕಂಬಳಿಯ ಒಂದು ಮೂಲೆ ಸರಿಸಿದಳು. ಶಾರ್ಕ್ ಅಲುಗಾಡದೆ ಮಲಗಿತ್ತು. ಹೊರಗಿನ ಬೆಳಕಿಗೆ ಕಿವಿರೂ ನಿಂತ ಹಾಗೆ ಕಂಡಿತು.

ಕಿಹಾಚಿ ಬಗ್ಗಿ ನೋಡಿದ. ಅವನ ಮುಖದಲ್ಲಿ ಒಂದು ಕ್ಷಣ ಅಚ್ಚರಿ ಬಂದುಹೋಯಿತು, ನಾನು ನೋಡಿದೆ. ಆಮೇಲೆ ಕಟ್ಟೆಯ ಕಡೆ ತಿರುಗಿ ಜೋರಾಗಿ ಹೇಳಿದ: "ತೆನ್ಗು ಶಾರ್ಕೇ. ಸುಳ್ಳಲ್ಲ. ಆದ್ರೆ ಸತ್ತಿದೆ! ಜೀವಂತ ಅಂತ ಮಾತಾಗಿತ್ತು."

"ಸತ್ತಿಲ್ಲ ಚಿಕ್ಕಪ್ಪ."

"ಸತ್ತ ಮೀನನ್ನ ನಾನು ನೋಡಿಲ್ವೇನೇ? ನೋಡು ಹೇಗೆ ಜೋತುಬಿದ್ದಿದೆ." ಹೇಳುತ್ತ ಅವನು ಅಂಗಿತೋಳಿನ ಅಂಚಿನಿಂದ ಅದರ ಮೂಗನ್ನು ತಟ್ಟಿದ.

ಬೇರೆಯವರ ಮೂಗನ್ನು ತಟ್ಟಬಾರದು, ಇದು ನಾನು ಯಾವಾಗಲೂ ಹೇಳುವ ಮಾತು. ದವಡೆ ನೆಗೆಯಿತು. ಯಾರ ಕಣ್ಣಿಗೂ ಅದು ಹೋದದ್ದು ಕಾಣಲಿಲ್ಲ, ಬಂದದ್ದು ಮಾತ್ರ ಕಂಡಿತು. ಬರುವಾಗ ಅದರ ಹಲ್ಲುಗಳಲ್ಲಿ ಕಿಹಾಚಿಯ ತೋಳುಬಟ್ಟೆ ಮೊಣಕೈವರೆಗೆ ಇತ್ತು. ಕೈಗೆ ಒಂದು ಗೀರೂ ಇಲ್ಲ! ಕಿಹಾಚಿ ಹಿಂದಕ್ಕೆ ಬಿದ್ದು ಏಡಿಗಳ ಬುಟ್ಟಿಯಲ್ಲಿ ಕೂತ. ಏಡಿಗಳಿಗೂ ಅದು ಅನಿರೀಕ್ಷಿತ. ಅವೂ ತಮ್ಮ ಕೈಲಾದದ್ದನ್ನು ಮಾಡಿದವು.

ಕಟ್ಟೆಯ ಮೇಲಿನ ನಗೆಗೆ ಫುಜಿಯ ಇನ್ನೊಂದು ಮಗ್ಗುಲಿನ ಹಿಮವೂ ಜಾರುವುದರಲ್ಲಿತ್ತು.

ಕಿಹಾಚಿ ಎದ್ದ. ಕೋಪದಿಂದ ಏನೋ ಹೇಳಲು ಹೊರಟವನು ತೊಟ್ಟಿಯ ಹತ್ತಿರ ಮೂಗು ತಂದು ತಟ್ಟನೆ ನಿಂತ. ಮೂಸಿದ. ಮತ್ತೆ ಮೂಸಿದ.

"ಇದೇನು ವಾಸನೆ?"

"ಅಕ್ಕಿಹೆಂಡ," ಅಂದಳು ತೊಮೊಯೆ. ಅವಳ ದನಿ ಕಟ್ಟೆಯ ಕೊನೆಗೂ ಕೇಳುವಂತಿತ್ತು. "ಮತಾಕಿಚಿ ತಾತ ಕೊಟ್ಟಿದ್ದಾನೆ. ಅರಮನೆಯ ಅತಿಥಿ ಬಂದರಿಗೆ ಬಂದಿದ್ದಾನೆ ಚಿಕ್ಕಪ್ಪ. ಹಿರಿಯ ನೀನು. ಕಟ್ಟಳೆ ನಿನಗಿಂತ ಚೆನ್ನಾಗಿ ಗೊತ್ತಿರೋರು ಯಾರಿದ್ದಾರೆ?"

ನಗೆ ನಿಂತಿತು. ಕಟ್ಟೆಯ ಮೇಲೆ ಒಬ್ಬೊಬ್ಬರಾಗಿ ಟೋಪಿ ತೆಗೆದರು. ಜೀವಮಾನವಿಡೀ ಕಟ್ಟಳೆ ಕಟ್ಟಳೆ ಅಂದ ಮನುಷ್ಯ ಹರಿದ ತೋಳಿನಲ್ಲಿ ನಿಂತಿದ್ದ. ಅವನು ಅಣ್ಣನ ಬಾವುಟವನ್ನು ನೋಡಿದ, ತೊಟ್ಟಿಯನ್ನು ನೋಡಿದ, ತೊಮೊಯೆಯನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿದ. ಕಿಹಾಚಿ ಹಟಮಾರಿ, ಮೋಸಗಾರನಲ್ಲ. ಮೆಲ್ಲನೆ ಆ ಕೆಸರಿನಲ್ಲಿ, ಏಡಿಗಳ ನಡುವೆ, ಮಂಡಿಯೂರಿದ.

"ಬಾಟ್ಲಿ ಕೊಡೋ, ಉದ್ದ ಮೂಗಿನವನೇ," ಅಂದ ನನಗೆ.

ಕೊಟ್ಟೆ. ಅವನು ಎರಡು ಕೈಯಲ್ಲಿ ಬಟ್ಟಲು ಹಿಡಿದು, ಈ ಸಲ ಬಹಳ ದೂರದಿಂದ, ತೊಟ್ಟಿಗೆ ಹೊಯ್ದು ಹಣೆ ನೆಲಕ್ಕೆ ಹಚ್ಚಿದ. ಎದ್ದವನು ಕಟ್ಟೆಯ ಕಡೆ ಕೂಗಿದ:

"ಏನ್ರೋ ಬಾಯಿ ಬಿಟ್ಕೊಂಡು ನಿಂತಿದೀರಾ? ದೋಣಿ ಬಿಚ್ಚಿ! ಅತಿಥಿನ ಬಿಟ್ಟು ಬರ್ಬೇಕು. ಹಿಯೊಶಿಮಾರುವಿನ ತಾಂಡೇಲ ಮುಂದೆ, ಉಳಿದೋರೆಲ್ಲ ಹಿಂದೆ!"

ತಾಂಡೇಲ. ಆ ಮಾತು ಅವನ ಬಾಯಿಂದಲೇ ಬಂದಿತ್ತು. ತೊಮೊಯೆ ಚುಕ್ಕಾಣಿಯ ಕಡೆ ತಿರುಗಿಕೊಂಡಳು. ಗಾಳಿ ಬಹಳ ಇತ್ತಲ್ಲ, ಕಣ್ಣಲ್ಲಿ ನೀರು ಬರುವುದು ಸಹಜ. ನನಗೂ ಬಂದಿತ್ತು, ಎರಡು ಬಕೆಟ್ ತುಂಬಿತು.

ತೊಳೆಯಲು ಕಟ್ಟಿದ್ದ ದೋಣಿಗಳೆಲ್ಲ ಸೋಪಿನ ನೊರೆಯ ಸಮೇತ ಹೊರಟವು. ದೆವ್ವದ ಅಟ್ಟದ ಮೇಲೆ ನಿಂತು, ಶಾರ್ಕನ್ನು ಬಲೆಯ ಜೋಳಿಗೆಯಲ್ಲಿ ಮಲಗಿಸಿ, ಜೋಳಿಗೆಯ ಬಾಯಿಗೆ ಜಾರುಗಂಟು ಹಾಕಿ, ಭಾರ ಕಟ್ಟಿ ಇಳಿಬಿಟ್ಟೆವು. ಗೆಂಪೇ ಹಗ್ಗವನ್ನು ಮಗುವಿನ ತೊಟ್ಟಿಲು ತೂಗುವಂತೆ ಬಿಡುತ್ತ ಹೋದ. ನಸುಗೆಂಪು ಮಂಕಾಯಿತು, ನೀಲಿಯಾಯಿತು, ಕಾಣದಾಯಿತು. ಬಹಳ ಆಳಕ್ಕೆ ಹೋದ ಮೇಲೆ ತೊಮೊಯೆ ಗಂಟಿನ ಹಗ್ಗವನ್ನು ತನ್ನ ಕೈಯಾರೆ ಎಳೆದಳು. ಮೇಲೆ ಬಂದ ಜೋಳಿಗೆ ಖಾಲಿ. ಒಳಗೆ ಉಳಿದಿದ್ದು ಕಿಹಾಚಿಯ ತೋಳುಬಟ್ಟೆ ಮಾತ್ರ. ಅತಿಥಿ ಕಳ್ಳನಲ್ಲ ಎಂಬುದೂ ಗೊತ್ತಾಯಿತು. ಎಲ್ಲ ದೋಣಿಗಳೂ ಒಟ್ಟಿಗೆ ಕೂಗು ಹಾಕಿದವು.

ಹೊಸವರ್ಷದ ಎರಡನೆಯ ದಿನ ಆಕಾಶ ತೊಳೆದಿಟ್ಟ ಬಟ್ಟಲಿನಂತಿತ್ತು. ಹಿಯೊಶಿಮಾರುವಿನ ಮೂತಿಯ ಮೇಲೆ ತೊಮೊಯೆ ಅಪ್ಪನ ನೀಲಿ ಅಂಗಿ ತೊಟ್ಟು ನಿಂತಳು. ಬುಟ್ಟಿಗಟ್ಟಲೆ ಕಿತ್ತಳೆ. ಅವಳು ಎಸೆದ ಹಣ್ಣುಗಳು ಎಷ್ಟು ಮೇಲಕ್ಕೆ ಹೋದವೆಂದರೆ ಕೆಲವು ಇನ್ನೂ ಕೆಳಗೆ ಬಂದಿಲ್ಲ. ಮಕ್ಕಳ ನಡುವೆ, ಮಕ್ಕಳಿಗಿಂತ ಬಗ್ಗಿ, ಕಿಹಾಚಿ ಆಯುತ್ತಿದ್ದ. ತೊಕುಯಾ ಗಟ್ಟಿ ನೆಲದ ಮೇಲೆ ನಿಂತು, ಜೀವನದಲ್ಲೇ ಎಂದೂ ಇಲ್ಲದಷ್ಟು ಸಂತೋಷವಾಗಿ, ಮಾವನ ಬುಟ್ಟಿ ಹಿಡಿದಿದ್ದ.

"ಚಿಕ್ಕಪ್ಪ, ನಿನ್ನ ಕಾಲ ಹತ್ರ ಒಂದಿದೆ!" ಎಂದು ತೊಮೊಯೆ ಮೇಲಿನಿಂದ ಕೂಗಿದಳು.

"ಕಾಣಿಸ್ತು ತಾಂಡೇಲಮ್ಮ, ಕಾಣಿಸ್ತು! ಸೊಂಟ ಒಪ್ಪಬೇಕಲ್ಲ!"

ನಾನು ಪಕ್ಕದಲ್ಲಿದ್ದವರಿಗೆ ವಿವರಿಸುತ್ತಿದ್ದೆ: ಹೆಂಡ ಕುಡಿಸುವ ಯೋಜನೆ ನಾನು ಮೊದಲ ದಿನವೇ ಹಾಕಿದ್ದು, ಕಿಹಾಚಿಯನ್ನು ಮಂಡಿಯೂರಿಸಲು ಬೇರೆ ದಾರಿಯೇ ಇರಲಿಲ್ಲ, ಇದನ್ನೆಲ್ಲ ಹುಡುಗಿಗೆ ಹೇಳಿಕೊಟ್ಟಿದ್ದು ಯಾರು ಅಂತ ತಿಳಿದಿದ್ದೀರಿ ಎಂದು. ಗೆಂಪೇ ದೋಣಿಯ ಮೇಲಿಂದ ನನ್ನ ಮಾತು ಕೇಳುತ್ತಿದ್ದ. ಅವನು ಬಗ್ಗಿ ತೊಮೊಯೆಯ ಕಿವಿಯಲ್ಲಿ ಹೊಸವರ್ಷದ ಮೊದಲ ಮಾತನ್ನು ಹೇಳಿದ. ಅವಳು ಬುಟ್ಟಿಯಲ್ಲಿ ಹುಡುಕಿ, ಎಲ್ಲಕ್ಕಿಂತ ದೊಡ್ಡ ಕಿತ್ತಳೆಯನ್ನು ಆರಿಸಿ, ಗುರಿಯಿಟ್ಟಳು.

ಸರಿಯಾಗಿ ಮೂಗಿನ ಮೇಲೆ ಬಿತ್ತು. ಈಗ ನೀವು ನೋಡುತ್ತಿರುವ ಈ ಗಾತ್ರ ಆ ದಿನ ಊದಿಕೊಂಡದ್ದು. ಹಣ್ಣು ಮಾತ್ರ ಜೇನಿನಷ್ಟು ಸಿಹಿಯಾಗಿತ್ತು.